ಕೊಟ್ಟ ಮೈ

ಮಂಜು ಹೊಳೆಯಿಂದ ಎದ್ದಿತ್ತೋ ಆಕಾಶದಿಂದ ಇಳಿದಿತ್ತೋ ಹೇಳಲು ಬರುವಂತಿರಲಿಲ್ಲ ಅವತ್ತು ಬೆಳಿಗ್ಗೆ, ಘತ್ತರಗಿಯ ಮೆಟ್ಟಿಲುಗಳು ಇಳಿಯುತ್ತ ಇಳಿಯುತ್ತ ಬೆಳ್ಳಗೆ ಕರಗಿ ಹೋಗಿದ್ದವು, ಭೀಮೆ ಕಾಣುತ್ತಿರಲಿಲ್ಲ, ನೀರಿನ ಸಪ್ಪಳವಷ್ಟೇ ಇತ್ತು, ಆ ಸಪ್ಪಳದೊಳಗೆ ಯಾವಳೋ ಹೆಣ್ಣುಮಗಳು ಕಲ್ಲಿಗೆ ಸೀರೆ ಅಪ್ಪಳಿಸುವ ಧಪ್, ಧಪ್ — ಒಂದೊಂದು ಧಪ್ಪಿಗೂ ಮಲ್ಕಪ್ಪನ ಕುತ್ತಿಗೆ ತಾನಾಗಿಯೇ ಹೆಗಲೊಳಗೆ ಸೇದಿಕೊಳ್ಳುತ್ತಿತ್ತು, ಛೀ, ಸೀರಿ ಒಗಿಯೋ ಸಪ್ಪಳಕ್ಕ ಅಂಜೋ ಪೈಲ್ವಾನ, ಯಾರಾದ್ರೂ ನೋಡಿದ್ರ ಏನಂದಾರು, ಆದರೆ ಯಾರೂ ನೋಡುತ್ತಿರಲಿಲ್ಲ, ಅದೇ ಆ ಮಂಜಿನ ಉಪಕಾರ. ಬಿಸಿಲಿದ್ದಿದ್ದರೆ ಇಷ್ಟೊತ್ತಿಗೆ ನಾಲ್ಕು ಮಂದಿ ಸುತ್ತುಗಟ್ಟಿ, ಏ ಗುಡುಗು ಮಲ್ಕಪ್ಪ ಬಂದಾನ ನೋಡ್ರಿ, ಅಣ್ಣಾ ಒಂದ್ಸಲ ಗುಡುಗ್ರಿ, ಮೀಸಿ ತಿರುವ್ರಿ, ಫೋನ್ನ್ಯಾಗ ಹಿಡೀತೇವಿ ಅನ್ನುತ್ತಿದ್ದರು, ಅವನು ದೇವಿಯ ಮೆಟ್ಟಿಲ ಮೇಲೇ ನಿಂತು ತೊಡೆ ತಟ್ಟಿ ಗುಡುಗಲೇಬೇಕಾಗುತ್ತಿತ್ತು — ಭೀಮಾ ಹೊಳಿ ನೀರು ಕುಡದು ಬೆಳದವ ನಾ, ಅಂಜಿಕಿ ಅನ್ನೋದು ನಮ್ಮನಿ ಹೊಸ್ತಿಲಾ ತುಳದಿಲ್ಲ — ಅದು ಅವನ ಮಾತು, ಆಳಂದದಿಂದ ಜೇವರ್ಗಿ ತನಕ ಗೋಡೆಗೆ ಅಂಟಿಸಿದ ಬಣ್ಣದ ಹಾಳೆಗಳ ಮೇಲೆಲ್ಲ ಅಚ್ಚಾದ ಮಾತು, ಹಗ್ಗ ಬಿಗಿದ ಹಲಗೆಯ ರಿಂಗಿಗೆ ಕಾಲಿಡುವ ಮುಂಚೆ ಮೈಕು ಹಿಡಿದು ಅದನ್ನು ಅಂದೇ ಅನ್ನಬೇಕು, ಅಂದ ಮೇಲೇ ಜನರ ಸೀಟಿ. ಮಂಜಿನೊಳಗೆ ಅವನು ಯಾರೂ ಅಲ್ಲ, ಥಂಡಿಗೆ ನಡುಗುವ ಒಂದು ದೊಡ್ಡ ಮೈ, ನಿಂಬರ್ಗಾದ ತೊಗರಿ ಹೊಲದಾಗ ಕೂಲಿಗೆ ಹೋಗುತ್ತಿದ್ದವನ ಮೈಯೇ ದಪ್ಪಗೆ ಬೆಳೆದದ್ದು, ಅಷ್ಟೇ, ಮತ್ತು ಹಾಗೆ ಯಾರೂ ಅಲ್ಲದೆ ನಿಲ್ಲುವುದರಲ್ಲಿ ಎಂಥಾ ಹಗುರ ಇತ್ತು. ನೀರಿಗೆ ಬಲಗೈ ಹಾಕಿದ, ಮೂರು ಬೆರಳು ಥಣ್ಣಗದ ಅಂದವು, ಕಿರುಬೆರಳು ಮತ್ತು ಅದರ ಪಕ್ಕದ್ದು ಏನೂ ಅನ್ನಲಿಲ್ಲ, ಅಫಜಲಪುರದ ಆ ಮಧ್ಯಾಹ್ನದಿಂದ ಅವೆರಡೂ ಹಾಗೇ, ಕರೆದರೆ ಓಗೊಡದ ಮಕ್ಕಳ ಹಾಗೆ, ಇರಲಿ, ಇದ್ದ ಮೂರರಿಂದ ಕುಂಕುಮ ಹಚ್ಚಿಕೊಂಡರಾಯಿತು, ಇವತ್ತು ಜೇವರ್ಗಿ, ಇವತ್ತು ಮತ್ತೆ ಜಗದೇವನ ಹೆಗಲು — ತಾಯಿ ಭಾಗ್ಯವಂತಿ ಎಂದು ಮುಳುಗಿದ, ನೀರೊಳಗೆ ಆ ಧಪ್ ಕೇಳಿಸಲಿಲ್ಲ.

ಒದ್ದೆ ಪಂಚೆಯಲ್ಲೇ ಮೇಲೆ ಬಂದು ಗುಡಿಯೊಳಗೆ ನಿಂತಾಗ ದೇವಿಯ ಬೆಳ್ಳಿ ಕಣ್ಣು ಅವನನ್ನಲ್ಲ, ಅವನ ಹಿಂದೆ ಎಲ್ಲೋ ನೋಡುತ್ತಿದ್ದಂತಿತ್ತು, ಎಣ್ಣೆ ಮತ್ತು ಸುಟ್ಟ ಬತ್ತಿಯ ವಾಸನೆ ಮೂಗಿಗೆ ಬಂತು, ಬಂದದ್ದೇ ತಡ ಅವನು ಇಲ್ಲಿರಲಿಲ್ಲ, ಅಫಜಲಪುರದಲ್ಲಿ ತಲೆಕೆಳಗಾಗಿ ಬೀಳುತ್ತಿದ್ದ. ಹೋದ ಬ್ಯಾಸಗಿ, ನೆತ್ತಿ ಸುಡುವ ಬಿಸಿಲು, ಶಾಮಿಯಾನದ ತೂತಿನಿಂದ ಬಿಸಿಲಿನ ಕೋಲುಗಳು ಹಲಗೆಯ ಮೇಲೆ ನೆಟ್ಟಿವೆ, ಆ ಕುಸ್ತಿಯಲ್ಲಿ ಗೆಲ್ಲುವವನು ಮಲ್ಕಪ್ಪ, ಸೋಲುವವನು ಜಗದೇವ, ಆಟ ಕಟ್ಟುವ ಕಲ್ಯಾಣಕುಮಾರ ಹಿಂದಿನ ದಿನವೇ ಹೇಳಿರುತ್ತಾನೆ ಯಾರದು ಗೆಲುವು ಯಾರದು ಸೋಲು ಅಂತ, ಜನರಿಗೂ ಒಳಗೊಳಗೆ ಗೊತ್ತು, ಗೊತ್ತಿದ್ದೂ ಬರುತ್ತಾರೆ, ದೊಡ್ಡಾಟದ ರಾಕ್ಷಸ ಸಾಯುತ್ತಾನೆಂದು ಗೊತ್ತಿದ್ದೂ ಬೆಳತನಕ ಕೂತಿರುವುದಿಲ್ಲವೇ ಹಾಗೆ. ಗೆಲ್ಲುವ ಮೊದಲು ಮಲ್ಕಪ್ಪ ಒಮ್ಮೆ ಚೆನ್ನಾಗಿ ಪೆಟ್ಟು ತಿನ್ನಬೇಕು, ಜಗದೇವ ಅವನನ್ನು ಎತ್ತಿ ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಗರಗರ ತಿರುಗಿಸಿ ಬೆನ್ನ ಮೇಲೆ ಕೆಡವಬೇಕು, ಜನ ಅದಕ್ಕೆ ಗಿರಗಿಟ್ಲಿ ಅಂತಾರೆ, ಏ ಗಿರಗಿಟ್ಲಿ ಆಡ್ಸಪಾ ಜಗದೇವಾ ಅಂತ ಕೂಗ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ಒಬ್ಬಳು ಮುದುಕಿ, ಇದೆಲ್ಲ ಖರೇ ಅಂತ ನಂಬಿದಾಕೆ, ಹಿತ್ತಾಳೆ ಬಟ್ಟಲು ಹಿಡಿದು ಹಗ್ಗದ ಹತ್ತಿರ ಬಂದಳು, ಘತ್ತರಗೆವ್ವನ ದೀಪದ ಎಣ್ಣಿ ಅದಪಾ, ಸೋಲೋ ಮಗನಂಗ ಕಾಣಾಕತ್ತೀ, ಕೈಗೆ ಹಚ್ಗೋ, ಶಕ್ತಿ ಬರ್ತದ ಅಂತ ಜಗದೇವನ ಎರಡೂ ಅಂಗೈಗೆ ಸುರಿದಳು. ಬೇರೆ ಯಾರಾದರೂ ಆಗಿದ್ದರೆ ಆಕೆ ತಿರುಗಿದ ಕೂಡಲೇ ಟವಲಿಗೆ ಒರೆಸಿಕೊಳ್ಳುತ್ತಿದ್ದರು, ಜಗದೇವ ಒರೆಸಲಿಲ್ಲ, ದೇವಿಯ ಪ್ರಸಾದವನ್ನು ಬಗಲ ಬೆವರು ಒರೆಸಿದ ಟವಲಿಗೆ ಹೆಂಗ ಒರೆಸೋದು, ಕಣ್ಣಿಗೆ ಒತ್ತಿಕೊಂಡ, ಆಮೇಲೆ ಅಂಗೈಗಳನ್ನು ಮೈಯಿಂದ ದೂರ ಹಿಡಿದುಕೊಂಡೇ ಓಡಾಡಿದ, ಮಲ್ಕಪ್ಪ ಅದನ್ನು ನೋಡಿದ, ನೋಡಿಯೂ ನೋಡಲಿಲ್ಲ, ಮುಂದಿನ ಗುಡುಗಿನ ಮೇಲೆ ಅವನ ಲಕ್ಷ್ಯ. ಜಗದೇವ ಎತ್ತಿದ, ತಿರುಗಿದ, ಸೀಟಿ, ಶಾಮಿಯಾನ ಚಕ್ರದಂತೆ ಸುತ್ತಿತು, ಸೊಂಟದ ಮೇಲಿದ್ದ ಕೈ ಸರ್ರನೆ ಜಾರಿತು, ಹಲಗೆ ಮೇಲೆದ್ದು ಬಂತು, ಮತ್ತು ಬೀಳುತ್ತ ಅವನು ಕಂಡದ್ದು ಅದೊಂದೇ — ಎರಡು ಅಂಗೈ, ಬಿಸಿಲಕೋಲಿನಲ್ಲಿ ಪಳಪಳ ಹೊಳೆಯುತ್ತ, ಹತ್ತೂ ಬೆರಳು ಬಿಚ್ಚಿಕೊಂಡು, ಮೇಲೆ, ಇನ್ನೂ ಮೇಲೆ, ದೂರ ಹೋಗುತ್ತಿರುವ ಎರಡು ಖಾಲಿ ಅಂಗೈ. ಬಿದ್ದಲ್ಲಿಂದಲೇ ಅವನು ಮೈಕು ಕೇಳಿದ್ದ, ಇಷ್ಟಕ್ಕೆಲ್ಲಾ ಮಲ್ಕಪ್ಪ ಸಾಯಂಗಿಲ್ಲ ಅಂತ ಗುಡುಗಿದ್ದ, ಜನ ಹುಚ್ಚೆದ್ದು ಕುಣಿದಿದ್ದರು, ಆ ಮೈಕು ಹಿಡಿದ ಕೈ ತನ್ನದು ಹೌದೋ ಅಲ್ಲೋ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಎಷ್ಟು ಜನ ಕೇಳಿದರು ಜಗದೇವನನ್ನು, ಕೈ ಹ್ಯಾಂಗ ಬಿಟ್ಟಿ ಲೇ, ಕುಡದಿದ್ದೇನು, ಹಗೆ ತೀರ್ಸಿದೇನು, ಅವನು ಬಾಯಿ ಬಿಡಲಿಲ್ಲ, ದೇವಿಯ ಎಣ್ಣೆಯ ಮೇಲೆ ತಪ್ಪು ಹೊರಿಸುವ ಬಾಯಿ ಅವನಿಗಿಲ್ಲ. ಕೈ ಜಾರಿದ್ದು ಎಣ್ಣೆಯಿಂದ ಅನ್ನುವ ಸಂಗತಿ ಅವನನ್ನು ಬಿಟ್ಟರೆ ಮಲ್ಕಪ್ಪನಿಗೆ ಮಾತ್ರ ಗೊತ್ತು, ಅವನ ಬನಿಯನ್ನಿನ ಎರಡೂ ಮಗ್ಗುಲಲ್ಲಿ ದೀಪದ ವಾಸನೆ ಇತ್ತು, ಹೆಂಡತಿ ಮಾಣಿಕಮ್ಮ ಅದನ್ನು ಎಷ್ಟು ಒಗೆದರೂ ಹೋಗಲಿಲ್ಲ. ಹಾಗಾದರೆ ತಪ್ಪು ಯಾರದು — ಮುದುಕಿಯದೋ, ಪಾಪ, ಆಕೆ ಸೋಲುವವನಿಗೆ ಶಕ್ತಿ ಬೇಡಿದಳು, ಜಗದೇವನದೋ, ಭಕ್ತಿ ಇದ್ದವನು ಹಾಗೇ ಮಾಡುತ್ತಾನೆ, ದೇವಿಯದೋ, ಎಣ್ಣೆ ದೀಪದ್ದು, ದೀಪಕ್ಕೆ ಹಾಕಬೇಕಾದದ್ದನ್ನು ಕೈಗೆ ಹಾಕಿದರೆ ಆ ತಾಯಿಯಾದರೂ ಏನು ಮಾಡಿಯಾಳು. ಸೊಲ್ಲಾಪುರದ ಡಾಕ್ಟರು ಕುತ್ತಿಗೆಗೆ ಪಟ್ಟಾ ಕಟ್ಟಿ ಮಲಗಿಸಿದ್ದು, ಮಳೆಗಾಲವಿಡೀ ಮಾಳಿಗೆ ಮಣ್ಣನ್ನು ನೋಡುತ್ತ ಮಲಗಿದ್ದು, ಪಟ್ಟಾ ಬಿಚ್ಚಿದ ದಿನ ಡಾಕ್ಟರು ನಕ್ಕು, ಎಲುಬು ಕೂಡ್ಯಾದ, ಆಡ್ರಿ ಬೇಕಾದ್ರ, ಬೆನ್ನ ಮ್ಯಾಲ ಬಿದ್ರ ನಡೀತದ, ಮತ್ತ ತಲಿ ಮ್ಯಾಲ ಬಿದ್ರ ನನ್ನ ಹಂತೇಕ ಬರಬ್ಯಾಡ್ರಿ, ಬಂದ್ರೂ ಉಪಯೋಗಿಲ್ಲ ಅಂದದ್ದು. ಆಡಿದನೇ ಅವನು, ಎಲ್ಲಿ, ದಸರೆಯಿಂದ ಈಚೆಗೆ ಬರೀ ಮೈಕು, ರಿಂಗಿಗೆ ಬರುವುದು, ಮೀಸೆ ತಿರುವುವುದು, ಹಸಿ ಉಳ್ಳಾಗಡ್ಡಿಯನ್ನು ಮುಷ್ಟಿಯಲ್ಲಿ ಜಜ್ಜಿ ಕಚ್ಚುವುದು, ಗುಡುಗುವುದು, ಯಾರೂ ಮುಟ್ಟುವ ಮೊದಲೇ ಹೊರಟುಹೋಗುವುದು, ಕಲ್ಯಾಣಕುಮಾರನಿಗೆ ಅಷ್ಟೇ ಸಾಕಾಗಿತ್ತು, ನಿಮ್ಮ ಬಾಯಿ ಕೇಳಾಕ ಜನ ಬರ್ತಾರ ಅಣ್ಣಾ, ಕುಸ್ತಿ ಯಾರಿಗೆ ಬೇಕಾಗ್ಯಾದ ಅಂತಿದ್ದ, ಮಲ್ಕಪ್ಪ ನಕ್ಕು ಹೂಂ ಅಂತಿದ್ದ, ಮನೆಗೆ ಬಂದು ಅಂಗಿಯ ಗುಂಡಿಯನ್ನು ಎಡಗೈಯಲ್ಲಿ ಬಿಚ್ಚುತ್ತಿದ್ದ. ಅಂಜಿಕಿ ಹೊಸ್ತಿಲಾ ತುಳದಿಲ್ಲ, ಹೌದು, ತುಳಿಯುವುದು ಯಾಕೆ, ಅದು ಒಳಗೇ ಇತ್ತಲ್ಲ, ಅವನ ಜೊತೆಗೇ ಉಣ್ಣುತ್ತಿತ್ತು, ಅವನ ಮಗ್ಗುಲಲ್ಲೇ ಮಲಗುತ್ತಿತ್ತು, ಕಣ್ಣು ಮುಚ್ಚಿದರೆ ಹೊಳೆಯುವ ಎರಡು ಅಂಗೈ ತೋರಿಸುತ್ತಿತ್ತು.

ಜೀಪು ಸೇತುವೆ ಮೇಲೆ ಬಂದಾಗಲೂ ಮಂಜು ಬಿಟ್ಟಿರಲಿಲ್ಲ, ಡ್ರೈವರು ದಿಲೀಪ ಹೆಡ್‌ಲೈಟು ಹಾಕಿಕೊಂಡು, ಇಂಥಾ ಮಂಜು ಬಿದ್ರ ಕಡ್ಲಿಗೆ ಹಾಲಿದ್ದಂಗ್ರಿ ಅಣ್ಣಾ ಎಂದ, ಎಳ್ಳ ಅಮಾವಾಸ್ಯೆ ಮುಗಿದ ಮೇಲಿನ ಕಡಲೆ, ಹುಳಿ ಹುಳಿ ಸೊಪ್ಪು, ಮಾಣಿಕಮ್ಮ ಬೆಳಿಗ್ಗೆ ಕಟ್ಟಿಕೊಟ್ಟ ಬುತ್ತಿಯಲ್ಲೂ ಕಡಲೆ ಸೊಪ್ಪಿನ ಪಲ್ಯ ಇದೆ, ಸಜ್ಜೆ ರೊಟ್ಟಿ ಇದೆ, ಆಕೆಯೇ ಕಂಬಳಿ ಕತ್ತರಿಸಿ ಚಿರತೆಯ ಚುಕ್ಕೆ ಹೊಲಿದ ಮೇಲಂಗಿ ಇದೆ, ಆಕೆ ಬೇಡ ಅನ್ನಲಿಲ್ಲ, ಅದೇ ಆಶ್ಚರ್ಯ. ನಿನ್ನೆ ಸಂಜೆ ಒಲೆಯ ಮುಂದೆ ಕೂತು ಅವನು ಹೇಳಿದ್ದ, ನಾಳಿ ಜಗದೇವನ ಹೆಗಲು ಹತ್ತಾಂವ ಇದ್ದೇನಿ ನೋಡು, ಆಕೆ ರೊಟ್ಟಿ ತಿರುವಿ ಹಾಕಿ, ಅಂಜಿಕಿ ಬರಾಕತ್ತದೇನ್ರಿ ಎಂದಳು, ಬರಾಕತ್ತದ ಅಂದ, ಬಂದ್ರ ಬರ್ಲಿ, ಹೊಟ್ಟ್ಯಾಗ ಇಟ್ಕೊಂಡು ಹೋಗ್ರಿ, ಮೀಸಿಮ್ಯಾಗ ಇಟ್ಕೋಬ್ಯಾಡ್ರಿ, ಮತ್ತ ಒಂದು ಮಾತು, ಮನಿಗೆ ನಿಮ್ಮ ಕಾಲ ಮ್ಯಾಲ ನೀವೇ ಬರ್ರಿ, ಆಂಬುಲೆನ್ಸಿನ್ಯಾಗ ಬಂದ್ರ ನಾ ಬಾಗ್ಲಾ ತಗ್ಯಂಗಿಲ್ಲ ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊಗೆಯನ್ನು ಬೈದಳು. ಯಾಕೆ ಹೋಗಬೇಕು ಅಂತ ಕೇಳಲಿಲ್ಲ, ಆಕೆಗೂ ಗೊತ್ತು ಗರಡಿಯ ತಾಲೀಮಿನ ರಿವಾಜು. ಆಳಂದದಲ್ಲಿ ಅವನಿಗೂ ಜಗದೇವನಿಗೂ ಕುಸ್ತಿ ಕಲಿಸಿದ ಉಸ್ತಾದ ಚಮನಸಾಬ, ಈಗ ಮಣ್ಣಲ್ಲಿ ಮಣ್ಣಾದವರು, ಕೆಂಪು ಮಣ್ಣಿನ ಕುಸ್ತಿ ಬಿಟ್ಟು ಹುಡುಗರು ಹಲಗೆಯ ರಿಂಗಿಗೆ ಹೋದಾಗ ಎಲ್ಲರೂ ಅದನ್ನು ಸುಳ್ಳು ಕುಸ್ತಿ ಅಂದರು, ಅವರೊಬ್ಬರು ಅನ್ನಲಿಲ್ಲ, ಗೆಲುವು ಸುಳ್ಳಿರಬಹುದು ಬೇಟಾ, ಬೀಳೋದು ಖರೇನೇ ಅದ, ಎತ್ತಿಸಿಕೊಳ್ಳುವಾಗ ನಿನ್ನ ಮೈ ಅವನ ಕೈಯಾಗ ಅಮಾನತ್, ಅಲ್ಲಾ ನಿನಗ ಕೊಟ್ಟದ್ದನ್ನ ನೀ ಅವನ ಕಡಿ ಇಡ್ತಿ, ಅಂವಾ ಇದ್ದಂಗ ತಿರುಗಿ ಕೊಡಬೇಕು ಅಂತಿದ್ದರು. ಮತ್ತು ಕೊಡಲಾಗದೆ ಕೈಬಿಟ್ಟವನ ಜೊತೆ ಯಾರೂ ರಿಂಗಿಗೆ ಇಳಿಯಬಾರದು, ಬಿದ್ದವನೇ ಮತ್ತೆ ಅವನ ಹೆಗಲು ಹತ್ತುವ ತನಕ, ಅಲ್ಲೀತನಕ ಅವರಿಬ್ಬರಲ್ಲಿ ಮಾತೂ ಇರಬಾರದು, ಮಾತಾಡಿದರೆ ಮಾಫಿ ಬರುತ್ತದೆ, ಮಾಫಿ ಬಾಯಿಂದ ಬರಬಾರದು, ಮೈಯಿಂದ ಬರಬೇಕು. ಹೀಗಾಗಿ ಜಗದೇವ ಎಂಟು ತಿಂಗಳಿಂದ ಜೇವರ್ಗಿಯ ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ಹೊರುತ್ತಿದ್ದಾನೆ, ಅವನಿಗೆ ಜೋಡಿ ಇಲ್ಲ, ಕಲ್ಯಾಣಕುಮಾರ ಯಾರನ್ನು ಕೇಳಿದರೂ ಒಬ್ಬನಿಗೆ ಹೆಂಡತಿ ಬಸುರಿ, ಇನ್ನೊಬ್ಬನಿಗೆ ಮೊಳಕಾಲು ನೋವು. ಹೋದ ವಾರ ಮಲ್ಕಪ್ಪ ಅದೇ ಮಿಲ್ಲಿನ ಮುಂದೆ ಬಸ್ಸಿನ ಕಿಟಕಿಯಿಂದ ಅವನನ್ನು ಕಂಡ, ಉಳಿದ ಹಮಾಲರು ಚೀಲವನ್ನು ಧೊಪ್ಪನೆ ಎಸೆಯುತ್ತಿದ್ದರು, ಜಗದೇವ ಮೊಳಕಾಲು ಮಡಿಸಿ, ಬೆನ್ನು ಬಾಗಿಸಿ, ಸಪ್ಪಳಾಗದಂತೆ ಇಳಿಸುತ್ತಿದ್ದ, ತೊಗರಿಗೆ ನೋವಾದೀತು ಅನ್ನುವಂತೆ, ಬಸ್ಸು ಹೊರಟುಹೋಯಿತು, ಮಲ್ಕಪ್ಪ ಸಂಜೆ ಕಲ್ಯಾಣಕುಮಾರನಿಗೆ ಫೋನು ಮಾಡಿ ಜೇವರ್ಗಿ ಆಟಕ್ಕ ನಂಗ ಜೋಡಿ ಜಗದೇವ, ಗೆಲ್ಲಾಂವನೂ ಅಂವನೇ ಅಂದ.

ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಮಿಲ್ಲಿನ ಅಂಗಳ, ಈಗ ಯಂತ್ರ ನಿಂತಿದೆ, ಆದರೂ ಮೂಲೆ ಮೂಲೆಯಲ್ಲಿ ಅರಳೆ, ಗಾಳಿಗೆ ಎದ್ದು ಮಂದಿಯ ತಲೆಯ ಮೇಲೆ ಕೂರುವ ಅರಳೆ, ಮಂಜು ಹರಿದು ಬಿಸಿಲು ಬಿದ್ದು ಜೇವರ್ಗಿಯ ಜನ ಗೋಡೆ ಏರಿ ಕೂತಿದ್ದಾರೆ, ಶೇಂಗಾ ಸಿಪ್ಪೆಯ ಚಟಪಟ, ಒಳಗೆ ಗೋದಾಮಿನಲ್ಲಿ ಮಲ್ಕಪ್ಪ ಮೀಸೆಗೆ ಕಾಡಿಗೆ ತೀಡುತ್ತಿದ್ದಾನೆ, ಕಲ್ಯಾಣಕುಮಾರ ಅವನ ಸುತ್ತ ಸುಳಿದಾಡುತ್ತಿದ್ದಾನೆ, ಅಣ್ಣಾ ಇನ್ನೂ ಟೈಮ್ ಅದ, ಗಿರಗಿಟ್ಲಿ ಬಿಡ್ರಿ, ಬರೇ ಮಾತಾಡ್ರಿ, ನಿಮ್ಮ ಬಾಯಿ ಒಂದಿದ್ರ ಸಾಕು — ಬಾಯಿ ಇವತ್ತ ರಜಾ ಕೇಳ್ಯಾದ ತಮ್ಮಾ ಎಂದ ಮಲ್ಕಪ್ಪ, ನಗು ಬಂತು, ತನ್ನ ಮಾತಿಗೆ ತನಗೇ ನಗು ಬಂದು ಎಷ್ಟು ದಿನವಾಗಿತ್ತು. ಗೋದಾಮಿನ ಆ ಕಡೆ ಜಗದೇವ ಕೂತಿದ್ದ, ಬೆನ್ನು ಈ ಕಡೆ, ಸೊರಗಿದ್ದ, ಚೀಲ ಹೊತ್ತು ಹೊತ್ತು ಹೆಗಲ ಚರ್ಮ ಕಪ್ಪಿಟ್ಟಿತ್ತು, ನೆಲದ ಅರಳೆಯನ್ನು ಮುಷ್ಟಿ ಮುಷ್ಟಿ ತೆಗೆದು ಅಂಗೈಗೆ ತಿಕ್ಕುತ್ತಿದ್ದ, ತಿಕ್ಕಿ ಬಿಸಾಕಿ ಮತ್ತೆ ತಿಕ್ಕುತ್ತಿದ್ದ, ಅವನ ಕಾಲ ಹತ್ತಿರ ಮೈಲಿಗೆಯಾದ ಅರಳೆಯ ಸಣ್ಣ ಗುಡ್ಡೆ, ಒಮ್ಮೆ ತಿರುಗಿದ, ಕಣ್ಣು ಕೂಡಿದವು, ಮಾತಾಡಬಾರದು, ಮಾತಾಡಲಿಲ್ಲ, ಆದರೆ ಮಲ್ಕಪ್ಪನಿಗೆ ಅನ್ನಿಸಿತು, ಅಯ್ಯೋ ಇವನೂ ಅದನ್ನೇ ನೋಡುತ್ತಿದ್ದಾನೆ, ನಾನು ಕೆಳಗಿನಿಂದ ನೋಡಿದ ಅಂಗೈಗಳನ್ನು ಇವನು ಮೇಲಿನಿಂದ ನೋಡುತ್ತಿದ್ದಾನೆ, ಇಷ್ಟು ದಿನ ಇಬ್ಬರೂ ಒಂದೇ ಕನಸು ಕಂಡು ಬೇರೆ ಬೇರೆ ಊರಲ್ಲಿ ಎದ್ದು ಕೂತಿದ್ದೇವೆ. ಅಷ್ಟು ಅನ್ನಿಸಿದ್ದೇ ಅವನ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿಯಿತು, ಪೂರಾ ಅಲ್ಲ, ಒಂದಿಷ್ಟು.

ಹೊರಗೆ ಹಲಗಿ ವಾದ್ಯದವರು ಬಾರಿಸತೊಡಗಿದರು, ಚಿರತೆಯ ಮೇಲಂಗಿ ಹೊದ್ದು ಅವನು ಟ್ರ್ಯಾಕ್ಟರಿನ ಮೇಲೆ ನಿಂತು ಅಂಗಳಕ್ಕೆ ಬಂದ, ಜೇವರ್ಗಿಯವರು ಹೋ ಎಂದರು, ಇದು ಜಗದೇವನ ಊರು, ಇಲ್ಲಿ ಮಲ್ಕಪ್ಪ ವೈರಿ, ಏ ಗುಡುಗಪ್ಪ ಇವತ್ತ ಮಳಿ ಬರ್ತದೇನು ಬರೇ ಗುಡುಗೇ ಏನು ಅಂತ ಯಾವನೋ ಗೋಡೆಯ ಮೇಲಿಂದ ಅಂದ, ನಕ್ಕರು, ಮಲ್ಕಪ್ಪ ಉಳ್ಳಾಗಡ್ಡಿ ಜಜ್ಜಿ ಕಚ್ಚಿದ, ಹಗ್ಗ ದಾಟಿದ, ಮೈಕು ಕೈಗೆ ಬಂತು, ಬಾಯಿ ತಾನಾಗಿ ಶುರು ಮಾಡಿತು, ಭೀಮಾ ಹೊಳಿ ನೀರು ಕುಡದು ಬೆಳದವ ನಾ, ಅಂಜಿಕಿ ಅನ್ನೋದು — ಅಲ್ಲಿಗೆ ನಿಂತಿತು. ಎದುರಿಗೆ ಜಗದೇವ, ಎರಡೂ ಕೈ ಮುಷ್ಟಿ ಕಟ್ಟಿ ತೊಡೆಗೆ ಅಂಟಿಸಿಕೊಂಡು, ಮಾತಾಡಬಾರದು ಅವನ ಜೊತೆ, ಆದರೆ ಜನರ ಜೊತೆ ಮಾತಾಡಬಾರದೆಂದು ಯಾವ ಉಸ್ತಾದ ಹೇಳಿದ್ದಾನೆ, ಮಲ್ಕಪ್ಪ ಜನರ ಕಡೆ ತಿರುಗಿದ, ಕೇಳ್ರಿ ಜೇವರ್ಗಿ ಮಂದಿ, ಎಂದ, ಇವತ್ತ ಮುಂಜಾನಿ ಹೊಳಿಮ್ಯಾಗ ಒಬ್ಬಾಕಿ ಸೀರಿ ಒಗೀತಿದ್ಳು, ಆ ಸಪ್ಪಳಕ್ಕ ನನ್ನ ಕುತಿಗಿ ನಡುಗ್ತು, ಖರೇ ಹೇಳ್ತೇನಿ, ನಂಗ ಅಂಜಿಕಿ ಬಂದದ, ಈ ನಿಮ್ಮ ಊರ ಮಗನ ಹೆಗಲ ಅಂದ್ರ ಅಂಜಿಕಿ, ಹತ್ತಾಂವ ಮಾತ್ರ ಇದ್ದೇನಿ. ಅಂಗಳದ ತುಂಬ ನಗೆ ಒಡೆಯಿತು, ಇದು ಹೊಸಾದು ಲೇ, ಗುಡುಗಪ್ಪಗ ಅಂಜಿಕಿಯಂತ, ಸೀಟಿ, ಚಪ್ಪಾಳೆ, ಟೊಪ್ಪಿಗೆಗಳು ಹಾರಿದವು, ಅವನ ಬದುಕಿನ ಅತಿ ದೊಡ್ಡ ಚಪ್ಪಾಳೆ ಅವನು ಆಡಿದ ಒಂದೇ ನಿಜಕ್ಕೆ ಬಂತು, ಮತ್ತು ಅದನ್ನು ಯಾರೂ ನಿಜ ಅನ್ನಲಿಲ್ಲ, ಜಗದೇವನ ಮುಷ್ಟಿ ಮಾತ್ರ ಮೆಲ್ಲಗೆ ಬಿಚ್ಚಿತು. ಹಿಡಿದರು, ಬಿಟ್ಟರು, ಹಗ್ಗಕ್ಕೆ ಬಿದ್ದು ಎದ್ದರು, ಮೈಗೆ ಹಳೆಯ ದಾರಿಗಳೆಲ್ಲ ನೆನಪಿದ್ದವು, ಇನ್ನೇನು ಎತ್ತಬೇಕು ಅನ್ನುವಾಗ ಹಗ್ಗದ ಹತ್ತಿರ ಒಂದು ಹಿತ್ತಾಳೆ ಬಟ್ಟಲು, ಅದೇ ಮುದುಕಿಯೋ ಅಂಥಾದೇ ಇನ್ನೊಬ್ಬಳೋ, ನಡುಗುವ ಕೈ ಚಾಚಿ, ತಗೋ ನನ್ನಪ್ಪಾ, ಅವ್ವನ ದೀಪದ್ದು, ಕೈ ಹಿಡಿ. ಮಲ್ಕಪ್ಪನ ಉಸಿರು ಅಲ್ಲೇ ನಿಂತಿತು. ಜಗದೇವ ಬಟ್ಟಲನ್ನು ನೋಡಿದ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಸಾಲಿಯಲ್ಲಿ ಬೆತ್ತ ಕಂಡ ಹುಡುಗನಂತೆ, ಹಗ್ಗದ ಮೇಲಿಂದ ಬಾಗಿ ತಲೆ ಕೊಟ್ಟ, ತಲಿಮ್ಯಾಗ ಹಾಕವ್ವಾ. ಕೈಗೆ ಬ್ಯಾಡೇನೋ ಅಂದಳು ಮುದುಕಿ, ಬ್ಯಾಡಬೇ ಯವ್ವಾ, ನನ್ನ ಕೈ ಇವತ್ತ ಇನ್ನೊಬ್ಬರ ಕೆಲಸಕ್ಕ ಹೋಗ್ಯಾವ. ಎಣ್ಣೆ ಅವನ ನೆತ್ತಿಯಿಂದ ಹಣೆಗೆ, ಹಣೆಯಿಂದ ಮೂಗಿಗೆ ಇಳಿಯಿತು, ಮಂದಿ ನಕ್ಕರು, ಮುದುಕಿಯೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು, ದೇವಿಗೆ ಅಲ್ಲಿ ಜಾಗವಾಯಿತು, ಕೈಗೆ ಕೈಯ ಜಾಗ ಉಳಿಯಿತು.

ಜಗದೇವ ಬಗ್ಗಿದ, ಹೆಗಲು ಕೊಟ್ಟ, ಮಲ್ಕಪ್ಪ ಕಣ್ಣು ಮುಚ್ಚಲಿಲ್ಲ, ಮುಚ್ಚಬಾರದೆಂದು ಹೊಳೆಯಲ್ಲೇ ಅಂದುಕೊಂಡಿದ್ದ, ನೆಲ ಬಿಟ್ಟ, ಏರಿದ, ಚೀಲ ಹೊತ್ತು ಗಟ್ಟಿಯಾದ ಹೆಗಲು ಅವನ ಹೊಟ್ಟೆಗೆ ಒತ್ತಿತು, ಸೊಂಟದ ಮೇಲೆ ಒಂದು ಅಂಗೈ, ತೊಡೆಯ ಮೇಲೆ ಇನ್ನೊಂದು, ಒಣ ಅಂಗೈ, ಬೆರಳ ಸಂದಿಯಲ್ಲಿ ಅರಳೆಯ ಎಳೆ ಚುಚ್ಚುವಷ್ಟು ಒಣ, ಮಿಲ್ಲಿನ ಗೋಡೆ ಆಚೆ ರಸ್ತೆ ಕಂಡಿತು, ತೊಗರಿ ಕಟ್ಟಿಗೆಯ ಬಣವೆ ಕಂಡಿತು, ಬಣವೆಯ ಮೇಲೆ ಬೆಳ್ಳಕ್ಕಿ ಕಂಡಿತು, ತಿರುಗಿತು, ಎಲ್ಲ ತಿರುಗಿತು, ಗಿರಗಿಟ್ಲಿ ಗಿರಗಿಟ್ಲಿ ಅಂತ ಸಾವಿರ ಬಾಯಿ, ಮಾಣಿಕಮ್ಮನ ಒಲೆ, ಉಸ್ತಾದರ ಬಿಳೀ ಗಡ್ಡ, ದೇವಿಯ ಕಣ್ಣು ಅವನ ಹಿಂದೆ ಎಲ್ಲೋ ನೋಡುತ್ತಿದ್ದದ್ದು — ತಾಯಿ, ಕೊಟ್ಟವಳು ನೀನು, ಇಟ್ಟವನು ನಾನು, ಇನ್ನು ಅವನು ಉಂಟು ನೀನು ಉಂಟು — ಬೆರಳು ಬಿಗಿಯಾದವು, ಬಿಟ್ಟವು. ಇಲ್ಲ, ಬಿಡಲಿಲ್ಲ. ಆಕಾಶ ಮೇಲೆ ಹೋಯಿತು, ಅಂಗೈ ಹೋಗಲಿಲ್ಲ, ಅವು ಅವನ ಜೊತೆಗೇ ಕೆಳಗೆ ಬಂದವು, ಒಂದು ಬೆನ್ನ ಕೆಳಗೆ, ಒಂದು ಓಡಿ ಬಂದು ತಲೆಯ ಕೆಳಗೆ, ಜಗದೇವನ ಮೊಳಕಾಲೂ ಮೊಳಕೈಯೂ ಮೊದಲು ಹಲಗೆಗೆ ಬಡಿದವು, ಧಡ್ ಅಂದದ್ದು ಅವೇ, ಮಂದಿ ಹೋ ಅಂದದ್ದು ಆ ಸಪ್ಪಳಕ್ಕೇ, ಮಲ್ಕಪ್ಪ ಬಂದು ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ, ಅವನಿಗೂ ಕೇಳಿಸಲಿಲ್ಲ, ಹಲಗೆ ಬಂದು ಬೆನ್ನನ್ನು ಮುಟ್ಟಿತು ಅಷ್ಟೇ, ಹಾಸಿಗೆ ಮುಟ್ಟಿದಂತೆ. ಒಂದು, ಎರಡು ಅಂತ ಯಾರೋ ಎಣಿಸುತ್ತಿದ್ದರು, ಸೋತವನು ನೋವಿನ ಮುಖ ಮಾಡಬೇಕು, ಅವನಿಗೆ ನಗು ತಡೆಯಲಾಗುತ್ತಿಲ್ಲ, ಹೊಟ್ಟೆಯ ತಳದಿಂದ ಬರುತ್ತಿದೆ, ಹಲ್ಲು ಕಚ್ಚಿದ, ಕಣ್ಣಿಂದ ನೀರು ಕಿವಿಗೆ ಇಳಿಯಿತು, ಉಸಿರು ಪೂರಾ ಹೋಗಿ ಪೂರಾ ಬಂತು, ಎಂಟು ತಿಂಗಳಿಂದ ಅರ್ಧಕ್ಕೇ ನಿಲ್ಲುತ್ತಿದ್ದ ಉಸಿರು. ಎದೆಯ ಮೇಲೆ ಜಗದೇವ, ಎಣ್ಣೆ ಬಳಿದ ಮುಖ, ತುಟಿ ಅವನ ಕಿವಿಯ ಹತ್ತಿರ, ಮಂದಿಯ ಗದ್ದಲದ ಕೆಳಗೆ, ಮೈಕಿಗೆ ಸಿಗದ ದನಿಯಲ್ಲಿ, ನೋಡ್ಕೊಳ್ರಿ ಅಣ್ಣಾ, ನಿಮ್ಮ ಅಮಾನತ್, ಎಲ್ಲಾ ಅದ ಅಲ್ಲಾ. ಅದ ಅನ್ನಬೇಕು, ಎಲ್ಲಾ ಅದ ಲೇ ಅನ್ನಬೇಕು, ಗುಡುಗಪ್ಪ ಬರೀ ತಲೆಯಾಡಿಸಿದ, ತಲೆಯ ಕೆಳಗೆ ಆ ಕೈ ಇನ್ನೂ ಇತ್ತು, ಎಣಿಸುವುದು ಮುಗಿದಿತ್ತು, ಗಂಟೆ ಹೊಡೆದಿತ್ತು, ಊರೆಲ್ಲ ರಿಂಗಿನ ಮೇಲೆ ಹತ್ತುತ್ತಿತ್ತು, ಮಲಗಿದ ಕೂಸಿನ ತಲೆಯ ಕೆಳಗಿಂದ ತಾಯಿ ಕೈ ತೆಗೆಯುವ ಹಾಗೆ, ಎಚ್ಚರಾದೀತೇನೋ ಅನ್ನುವ ಹಾಗೆ, ಒಂದು ಬೆರಳು, ಆಮೇಲೆ ಇನ್ನೊಂದು, ಮೆಲ್ಲಗೆ, ಹಲಗೆಗೆ ತಲೆ ಒಪ್ಪಿಸುತ್ತ ಒಪ್ಪಿಸುತ್ತ ಸರಿಯುತ್ತಿದ್ದ ಆ ಅಂಗೈ, ಆ ಒಣ ಅಂಗೈ —